ಬೆಲ್ಲ-ನೀರು ಕುಡಿದು ಹೋದವರು

ತಂಗೀ,

ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾಕ್ಕೆ ಬರುವವಳು ಚಳಿ, ಬಾಡಿಗೆ, ಅಕ್ಕಿಯ ಬೆಲೆ ಕೇಳುತ್ತೀ ಎಂದುಕೊಂಡಿದ್ದೆ. ನಿನ್ನ ಪತ್ರದಲ್ಲಿದ್ದ ಪ್ರಶ್ನೆ ಬೇರೆಯೇ. ಸಾರ್ವಜನಿಕ ಆರೋಗ್ಯದ ಒಂದು ಕೋರ್ಸಿನಲ್ಲಿ ವಾರಕ್ಕೆ ಮೂರು ಗಂಟೆ ಹತ್ತಿರದ ಬಡಾವಣೆಗೆ ಹೋಗಬೇಕಂತೆ, ಅದಕ್ಕೆ ‘ಸರ್ವಿಸ್ ಲರ್ನಿಂಗ್’ ಎನ್ನುತ್ತಾರಂತೆ. ಸಾಲ ಮಾಡಿ ಶುಲ್ಕ ಕಟ್ಟಿದ ಮೇಲೆ ಈ ಬಿಟ್ಟಿ ಚಾಕರಿ ಏಕೆ, ಇದು ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಲ್ಲವೇ ಎಂದು ಕೇಳಿದ್ದೀ.

ಅಲ್ಲ. ದೂರದ ನೆಂಟಸ್ತಿಕೆ ಇದೆ, ಅಷ್ಟೆ. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ದುಡಿದು, ಏಳು ದಿನದ ಶಿಬಿರ ಮುಗಿಸಿದರೆ ಪ್ರಮಾಣಪತ್ರ. ತರಗತಿಯ ಪಾಠಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಇಲ್ಲಿ ಬಡಾವಣೆಯ ಕೆಲಸವೇ ಪಾಠದ ಒಂದು ಭಾಗ. ಬೆಳಗ್ಗೆ ರಕ್ತದೊತ್ತಡದ ಬಗ್ಗೆ ಓದುತ್ತೀ. ಮಧ್ಯಾಹ್ನ ತಾಜಾ ತರಕಾರಿಗೆ ಎಷ್ಟು ದೂರ ಹೋಗಬೇಕು ಎಂಬುದನ್ನು ಒಬ್ಬ ಅಜ್ಜಿಯ ಬಾಯಿಂದ ಕೇಳುತ್ತೀ. ರಾತ್ರಿ ಕುಳಿತು ಎರಡನ್ನೂ ಜೋಡಿಸಿ ಬರೆಯುತ್ತೀ. ಅಂಕ ಸಿಗುವುದು ಅಲ್ಲಿ ಕಳೆದ ಗಂಟೆಗಳಿಗಲ್ಲ, ಆ ಬರಹಕ್ಕೆ.

ನಾನು ಕಾಲೇಜಿನಲ್ಲಿದ್ದಾಗ ನಮ್ಮ ಶಿಬಿರದವರು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ನೀರು ನಿಲ್ಲಿಸುವ ಕಟ್ಟ ಹಾಕಿದ್ದೆವು. ಕಲ್ಲು, ಮಣ್ಣು ಎಲ್ಲ ನಾವೇ ಹೊತ್ತದ್ದು. ತೋಟದ ಅಜ್ಜ ದಡದಲ್ಲಿ ನಿಂತು, “ಅಲ್ಲಿ ಬೇಡ ಮಕ್ಕಳೇ, ಇನ್ನು ನಾಲ್ಕು ಮಾರು ಮೇಲೆ ಹಾಕಿ” ಎಂದರು. ವಿಜ್ಞಾನ ಓದುವ ನಾವು ಕೇಳುತ್ತೇವೆಯೇ? ಒಂದು ಅಕಾಲ ಮಳೆಗೆ ಕಟ್ಟ ಬದಿಯಿಂದ ಕೊಚ್ಚಿಕೊಂಡು ಹೋಯಿತು. ಪ್ರಮಾಣಪತ್ರ ಮಾತ್ರ ತಪ್ಪದೆ ಬಂತು.

ಇನ್ನೊಂದು ನೆನಪು ಇಷ್ಟು ಹಗುರವಲ್ಲ. ಕೇರಳದ ಕಾಸರಗೋಡಿನಲ್ಲಿರುವ ನಮ್ಮ ಎಣ್ಮಕಜೆಯ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವುದು 2000ದಲ್ಲಿ ನಿಂತಿತು. ಆಮೇಲೆ ಶುರುವಾದದ್ದು ಅದರಿಂದ ಜನರಿಗೆ ಏನಾಯಿತೆಂದು ಕೇಳಲು ಪ್ರಶ್ನಾವಳಿ ಹಿಡಿದು ಬಂದವರ ಸಾಲು. ನಮ್ಮ ಅಂಗಳಕ್ಕೂ ಬಂದರು. ಅಮ್ಮ ಬೆಲ್ಲ-ನೀರು ಕೊಟ್ಟು, ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂದು ಪ್ರತಿ ಸಲವೂ ಮೊದಲಿನಿಂದ ಹೇಳುತ್ತಿದ್ದರು. ಫಾರ್ಮು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತಿತ್ತು. ಕನ್ನಡ ಮಾತ್ರ ಓದಬಲ್ಲ ಅಮ್ಮ ತೋರಿಸಿದ ಜಾಗದಲ್ಲಿ ರುಜು ಹಾಕುತ್ತಿದ್ದರು. ಒಂದು ದಿನ ಮಾತ್ರ ತಡೆಯಲಾರದೆ, “ಕಳೆದ ಸಲ ಬಂದವರಿಗೆ ಇದನ್ನೇ ಹೇಳಿದ್ದೆನಲ್ಲ, ಅದು ಏನಾಯಿತು?” ಎಂದು ಕೇಳಿದರು. ಬಂದ ಹುಡುಗನ ಬಳಿ ಉತ್ತರವಿರಲಿಲ್ಲ. ಪಾಪ, ಅವನೂ ವಿದ್ಯಾರ್ಥಿ.

ಇಲ್ಲಿ ನೀನು ಆ ಹುಡುಗನ ಜಾಗದಲ್ಲಿ ಇರುತ್ತೀ. ಪಶ್ಚಿಮ ಫಿಲಡೆಲ್ಫಿಯಾದ ಜನರಿಗೆ ವಿಶ್ವವಿದ್ಯಾಲಯವೆಂದರೆ ಸುಮ್ಮನೆ ಗೌರವ ಹುಟ್ಟುವುದಿಲ್ಲ, ಅದಕ್ಕೆ ಕಾರಣವಿದೆ. 1960ರ ದಶಕದಲ್ಲಿ ನಗರ ನವೀಕರಣದ ಹೆಸರಿನಲ್ಲಿ ಬ್ಲ್ಯಾಕ್ ಬಾಟಮ್ ಎಂಬ ಕಪ್ಪು ಜನರ ಬಡಾವಣೆಯನ್ನು ಕೆಡವಿ, ಸಾವಿರಾರು ಮಂದಿಯನ್ನು ಎಬ್ಬಿಸಿದರು. ಆ ನೆಲದಲ್ಲಿ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ವಿಜ್ಞಾನ ಸಂಶೋಧನಾ ಕೇಂದ್ರದ ಕಟ್ಟಡಗಳು ಎದ್ದವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸಮುದಾಯ ಸಹಭಾಗಿತ್ವಕ್ಕೆಂದೇ ಒಂದು ಕೇಂದ್ರ ತೆರೆದದ್ದು 1992ರಲ್ಲಿ. ಈಗ ಅದು ನೆಟ್ಟರ್ ಸೆಂಟರ್. ಸುಮಾರು ಅದೇ ಕಾಲಕ್ಕೆ ಮಾನವಶಾಸ್ತ್ರದ ಪ್ರಾಧ್ಯಾಪಕ ಫ್ರಾನ್ಸಿಸ್ ಜಾನ್‌ಸ್ಟನ್ ತಮ್ಮ ಕೋರ್ಸನ್ನು ಹತ್ತಿರದ ಶಾಲೆಯ ಮಕ್ಕಳ ಆಹಾರದ ಸಮಸ್ಯೆಗೆ ಜೋಡಿಸಿದರು. ಅದು ಒಂದು ಸೆಮಿಸ್ಟರಿಗೆ ಮುಗಿಯದೆ, ಹಲವು ಶಾಲೆಗಳಿಗೆ ಹಬ್ಬಿ ಬೆಳೆಯಿತು. ನನಗೆ ಮೆಚ್ಚುಗೆಯಾದದ್ದು ಅದೇ. ಹದಿನೈದು ವಾರ ಬಂದು ಮಾಯವಾಗುವ ಹುಡುಗ ಹುಡುಗಿಯರನ್ನು ಇಲ್ಲಿಯ ಜನ ಬೇಕಾದಷ್ಟು ನೋಡಿದ್ದಾರೆ.

ಆದ್ದರಿಂದ ಮೊದಲ ತರಗತಿಯಲ್ಲೇ ಕೇಳು: ಈ ಕೆಲಸ ಬೇಕೆಂದವರು ಯಾರು, ಬಡಾವಣೆಯವರೋ ನೀವೋ? ಡಿಸೆಂಬರಿನಲ್ಲಿ ನಾನು ಹೋದ ಮೇಲೆ ಅಲ್ಲಿಗೆ ಯಾರು ಬರುತ್ತಾರೆ? ಪ್ರಾಧ್ಯಾಪಕರು ತಡವರಿಸಿದರೆ ಬೇರೆ ಕೋರ್ಸು ನೋಡಿಕೋ. ಇಲ್ಲಿ ಹಾಗೆ ಕೇಳುವುದನ್ನು ಅಧಿಕಪ್ರಸಂಗವೆಂದು ಯಾರೂ ಭಾವಿಸುವುದಿಲ್ಲ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಮಕ್ಕಳ ನಡುವೆ ಕೆಲಸವಾದರೆ ಪೊಲೀಸ್ ದಾಖಲೆಯ ತಪಾಸಣೆ, ಬೆರಳಚ್ಚು ಎಲ್ಲ ಇರುತ್ತದೆ. ಹೆದರಬೇಡ, ಮುಂಚೆಯೇ ಅರ್ಜಿ ಹಾಕು. ನಿನ್ನಂತೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಪಾಠ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ದುಡಿಯಬಹುದು, ಹೊರಗಿನ ಸಂಬಳಕ್ಕೆ ಬೇರೆ ಅನುಮತಿ ಬೇಕು. ಬಡಾವಣೆಯ ಸಂಸ್ಥೆ ಪ್ರೀತಿಯಿಂದ ಹಣ ಕೊಡಲು ಬಂದರೂ, ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳದೆ ಮುಟ್ಟಬೇಡ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನದ ಪಾಳಿ ಕೇಳಿ ತೆಗೆದುಕೋ.

ಇಂಗ್ಲಿಷಿನ ಚಿಂತೆ ಬಿಡು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂದು ಬೆಳೆದವಳಿಗೆ “ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ” ಎನ್ನುವುದು ಹೊಸತಲ್ಲ. ಇಲ್ಲಿ ಆ ಮಾತು ಬಹಳ ಕೆಲಸಕ್ಕೆ ಬರುತ್ತದೆ.

ಹೊರಡುವ ಮೊದಲು ಒಮ್ಮೆ ನಮ್ಮ ಮನೆಗೆ ಹೋಗಿ ಅಮ್ಮನನ್ನು ನೋಡಿ ಬಾ. ಬೆಲ್ಲ-ನೀರು ಕೊಡುತ್ತಾರೆ. ಕೈಯಲ್ಲಿ ಫೈಲು ಮಾತ್ರ ಇರದಂತೆ ನೋಡಿಕೋ.

ನಿನ್ನ ಅಕ್ಕ