5 ಕಿ.ಮೀ. ಓಡುವವರು 12 ವಾರದಲ್ಲಿ ಹಾಫ್ ಮ್ಯಾರಥಾನ್ ಓಡಬಹುದೇ? ತಯಾರಿ ಹೇಗಿರಬೇಕು?

ಈಗಾಗಲೇ ವಾರಕ್ಕೆ ಮೂರು ದಿನ 5 ಕಿ.ಮೀ. ನಿಲ್ಲದೆ ಓಡುತ್ತೀರಿ ಎಂದುಕೊಳ್ಳೋಣ. ಹಾಗಿದ್ದರೆ ಖಂಡಿತ ಆಗುತ್ತದೆ, ಆದರೆ ಈಗಿನ ವೇಗ ಬಿಡಬೇಕು. ಏದುಸಿರು ಬಿಡುತ್ತಾ 5 ಕಿ.ಮೀ. ಮುಗಿಸಬಹುದು, ಹಾಫ್ ಮ್ಯಾರಥಾನ್‌ನ 21.1 ಕಿ.ಮೀ. ಮುಗಿಯುವುದಿಲ್ಲ. ಓಡುತ್ತಲೇ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗುತ್ತಿಲ್ಲವೆಂದರೆ ನಿಧಾನಿಸಿ, ಬೇಕಾದರೆ ಒಂದು ನಿಮಿಷ ನಡೆಯಿರಿ. ನಡೆದರೆ ಓಟ ಕೆಡುವುದಿಲ್ಲ.

ವಾರಕ್ಕೆ ನಾಲ್ಕು ಓಟ ಸಾಕು: 5ರಿಂದ 7 ಕಿ.ಮೀ.ಗಳ ಮೂರು, ಒಂದು ಲಾಂಗ್ ರನ್ (ವಾರದ ಅತಿ ಉದ್ದದ ಓಟ). ಲಾಂಗ್ ರನ್ ವಾರದಿಂದ ವಾರಕ್ಕೆ ಕಿ.ಮೀ.ಗಳಲ್ಲಿ ಹೀಗಿರಲಿ: 7, 8.5, 10, 8, 11, 12.5, 14, 11, 15, 17, 10, ಹನ್ನೆರಡನೇ ವಾರ ರೇಸ್. ನಡುವೆ ದೂರ ಇಳಿಸಿದ ವಾರಗಳನ್ನು ದಯವಿಟ್ಟು ಹಾರಿಸಬೇಡಿ. ಉಸಿರು ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತದೆ, ಮೂಳೆಗೂ ಸ್ನಾಯುರಜ್ಜುಗಳಿಗೂ ತಿಂಗಳುಗಳೇ ಬೇಕು. ಆರೇಳನೇ ವಾರದಲ್ಲಿ 'ಇನ್ನೂ ಓಡಬಲ್ಲೆ' ಅನ್ನಿಸುವ ಹೊತ್ತಿಗೇ ಕಾಲು ಕೈಕೊಡುವುದು ಇದರಿಂದ. ಮೊಣಕಾಲ ಕೆಳಗಿನ ಮೂಳೆಯ ಒಳಅಂಚಿನುದ್ದಕ್ಕೂ ಹರಡಿದ ನೋವಾದರೆ ದೂರ ಕಡಿಮೆ ಮಾಡಿ. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ಮಲಗಿದಾಗಲೂ ನೋಯುತ್ತಿದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ವಾರಕ್ಕೆರಡು ದಿನ ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನು 15ರಂತೆ ಮೂರು ಸಲ ಮಾಡಿದರೆ ಮೀನಖಂಡ ಗಟ್ಟಿಯಾಗುತ್ತದೆ.

ಹೆಚ್ಚಿನವರು ಹಗುರವಾಗಿ ತೆಗೆದುಕೊಳ್ಳುವುದು ಓಟದ ನಡುವಿನ ಆಹಾರವನ್ನು. ಎರಡು ಗಂಟೆ ಮೀರುವ ಓಟಕ್ಕೆ ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಒಂದನ್ನೇ ನಂಬುವಂತಿಲ್ಲ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಓಡುತ್ತಾ ನುಂಗುವ ಸಕ್ಕರೆ ಪಾಕದ ಪೊಟ್ಟಣವಾದ ಒಂದು ಜೆಲ್‌ನಲ್ಲಿ ಸಾಮಾನ್ಯವಾಗಿ 20–25 ಗ್ರಾಂ ಇರುತ್ತದೆ. 40ನೇ ನಿಮಿಷಕ್ಕೆ ಮೊದಲನೆಯದು, ಆಮೇಲೆ ಅರ್ಧ ಗಂಟೆಗೊಂದು. ಸುಸ್ತಾದ ಮೇಲೆ ತಿಂದರೆ ತಡವಾಯಿತು. ಜೆಲ್ ಜೊತೆ ಬರೀ ನೀರು ಕುಡಿಯಿರಿ. ಸ್ಪೋರ್ಟ್ಸ್ ಡ್ರಿಂಕ್ ಸೇರಿದರೆ ಸಕ್ಕರೆ ಹೆಚ್ಚಾಗಿ ಹೊಟ್ಟೆ ತೊಳಸುತ್ತದೆ. ರೇಸ್ ದಿನ ಬಳಸುವ ಜೆಲ್ಲನ್ನೇ ಲಾಂಗ್ ರನ್‌ಗಳಲ್ಲಿ ಅಭ್ಯಾಸ ಮಾಡಿ. ನೀರು ಬಾಯಾರಿದಷ್ಟೇ ಸಾಕು. ಅತಿಯಾದರೆ ರಕ್ತದ ಸೋಡಿಯಂ ಇಳಿಯುತ್ತದೆ, ಅದು ಪ್ರಾಣಕ್ಕೇ ಅಪಾಯ.

ಶೂ ಹೊಸದು ಕೊಳ್ಳುವುದಿದ್ದರೆ ರೇಸ್‌ಗೆ ಒಂದು ತಿಂಗಳ ಮೊದಲೇ ಕೊಳ್ಳಿ, ಬೆರಳ ಮುಂದೆ ಹೆಬ್ಬೆರಳಗಲ ಜಾಗವಿರಲಿ. ಹತ್ತಿ ಸಾಕ್ಸ್ ಬೆವರು ಹಿಡಿದಿಟ್ಟು ಬೊಬ್ಬೆ ಬರಿಸುತ್ತದೆ, ಸಿಂಥೆಟಿಕ್ ಹಾಕಿ. ತೊಡೆ ಸಂದು, ಕಂಕುಳು, ಮೊಲೆತೊಟ್ಟಿಗೆ ವ್ಯಾಸಲೀನ್.

ರೇಸ್ ಸಮಯ ಅಂದಾಜಿಸಲು ನಿಮ್ಮ 10 ಕಿ.ಮೀ. ಸಮಯವನ್ನು 2.2ರಿಂದ ಗುಣಿಸಿ. 65 ನಿಮಿಷವಿದ್ದರೆ 143 ನಿಮಿಷ. ಮೊದಲ ಸಲವಾದ್ದರಿಂದ 7 ನಿಮಿಷ ಸೇರಿಸಿ, ಎರಡೂವರೆ ಗಂಟೆ, ಅಂದರೆ ಕಿ.ಮೀ.ಗೆ 7:07 (7 ನಿಮಿಷ 7 ಸೆಕೆಂಡು). ಮೊದಲ 5 ಕಿ.ಮೀ. 7:20ರಲ್ಲೇ ಓಡಿ. ಜನ ನಿಮ್ಮನ್ನು ದಾಟಿಕೊಂಡು ಹೋಗಲಿ, ಬಿಡಿ. ಅಲ್ಲಿ ಉಳಿಸಿದ ಶಕ್ತಿ 16ನೇ ಕಿ.ಮೀ. ನಂತರ ಬೇಕೇ ಬೇಕು. ಪೇಸ್ (ಪ್ರತಿ ಕಿ.ಮೀ.ಗೆ ಹಿಡಿಯುವ ಸಮಯ) ಲೆಕ್ಕಕ್ಕೆ ಜಿಪಿಎಸ್ ವಾಚ್‌ಗಿಂತ ದಾರಿಬದಿಯ ಕಿ.ಮೀ. ಫಲಕಗಳನ್ನು ನಂಬಿ: ಮಾರ್ಗ ಅಳೆಯುವುದು ತಿರುವುಗಳ ಅತಿ ಹತ್ತಿರದ ಗೆರೆಯಲ್ಲಿ, ನೀವು ಓಡುವುದು ಅದರಾಚೆ, ಹಾಗಾಗಿ ಕೊನೆಗೆ ವಾಚ್ 21.3 ತೋರಿಸುವುದೂ ಉಂಟು.