‘ಮಲೆಗಳಲ್ಲಿ ಮದುಮಗಳು’ ನಾಟಕವನ್ನು ಕಟ್ಟಿದವರು ಯಾರು?

ನೀವು ಮೂರು ವಿಷಯ ಕೇಳಿದ್ದೀರಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ ರಾತ್ರಿಯಿಡೀ ನಡೆಯುವ ನಾಟಕವಾಗಿದೆಯಲ್ಲ, ಅದರ ಹಿಂದೆ ಯಾರ್ಯಾರಿದ್ದಾರೆ? ಕಥೆ, ಪಾತ್ರ, ಮಾತು ಎಲ್ಲ ಕುವೆಂಪು ಅವರದೇ ಆದಮೇಲೆ ಇವರು ಹೊಸದಾಗಿ ಮಾಡಿದ್ದೇನು? ಕಾದಂಬರಿ ಓದದೆ ಹೋಗಿ ಕೂತರೆ ಅರ್ಥವಾಗುತ್ತಾ?

ಮೊದಲು ಹೆಸರುಗಳನ್ನು ಹೇಳಿಬಿಡುತ್ತೇನೆ. ನಿರ್ದೇಶನ ಸಿ. ಬಸವಲಿಂಗಯ್ಯ ಅವರದು. ರಂಗರೂಪ ಕೆ.ವೈ. ನಾರಾಯಣಸ್ವಾಮಿ ಅವರದು. ಸಂಗೀತ ಹಂಸಲೇಖ, ರಂಗವಿನ್ಯಾಸ ಶಶಿಧರ ಅಡಪ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಇದು ಮೊದಲು ರಂಗಕ್ಕೆ ಬಂತು. ಆಮೇಲೆ ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲೂ ಪ್ರದರ್ಶನಗಳು ನಡೆದವು. ಸುಮಾರು 9 ಗಂಟೆಯ ನಾಟಕ. ರಾತ್ರಿ ಶುರುವಾಗಿ ಬೆಳಗಿನ ಜಾವದವರೆಗೆ ಬಯಲಿನಲ್ಲೇ ನಡೆಯುತ್ತದೆ.

ನಿಮ್ಮ ಎರಡನೇ ಪ್ರಶ್ನೆಯೇ ನನಗೆ ಮುಖ್ಯ. ‘ಎಲ್ಲ ಕುವೆಂಪು ಅವರದೇ ಅಲ್ವಾ’ ಎಂಬ ಮಾತನ್ನು ನಾಟಕ ನೋಡಿ ಬಂದವರ ಬಾಯಲ್ಲೂ ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಕಾದಂಬರಿಯಲ್ಲಿ ಬರೆಯುವವರು ಒಬ್ಬರೇ ನಿಂತು ಹತ್ತು ಕೆಲಸ ಮಾಡುತ್ತಾರೆ. ಕಥೆ ಹೇಳುತ್ತಾರೆ, ದಾರಿ ತೋರಿಸುತ್ತಾರೆ, ಕತ್ತಲೆ ಕವಿಸುತ್ತಾರೆ, ಮಳೆ ಸುರಿಸುತ್ತಾರೆ, ಒಬ್ಬೊಬ್ಬರ ಮನಸ್ಸಿನೊಳಗೂ ಇಳಿಯುತ್ತಾರೆ. ರಂಗಕ್ಕೆ ಬಂದಾಗ ಆ ಒಬ್ಬ ಬರಹಗಾರ ಅಲ್ಲಿರುವುದಿಲ್ಲ. ಅವರು ಮಾಡುತ್ತಿದ್ದ ಕೆಲಸಗಳನ್ನು ಬೇರೆ ಬೇರೆ ಜನ ಹಂಚಿಕೊಂಡು ಹೊರಬೇಕು. ಯಾರು ಯಾವುದನ್ನು ಹೊತ್ತರು ಅಂತ ನೋಡಿದರೆ ಅವರೆಲ್ಲ ಏನು ಮಾಡಿದರು ಅನ್ನುವುದು ಕಾಣುತ್ತದೆ.

ಕಾದಂಬರಿ 1967ರಲ್ಲಿ ಪ್ರಕಟವಾಯಿತು. ಏಳುನೂರರ ಆಸುಪಾಸು ಪುಟ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿನ ತೀರ್ಥಹಳ್ಳಿ, ಮೇಗರವಳ್ಳಿ ಸೀಮೆಯ ಕಥೆ. ಇದಕ್ಕೆ ಒಬ್ಬ ನಾಯಕ, ಒಬ್ಬ ನಾಯಕಿ ಇಲ್ಲ. ಇಲ್ಲಿ ಯಾರೂ ಮುಖ್ಯರಲ್ಲ, ಅಮುಖ್ಯರೂ ಅಲ್ಲ ಅಂತ ಕುವೆಂಪು ಬಾಗಿಲಲ್ಲೇ ಹೇಳಿ ಒಳಗೆ ಕರೆಯುತ್ತಾರೆ. ಗುತ್ತಿ ಮತ್ತು ತಿಮ್ಮಿ, ಮುಕುಂದಯ್ಯ ಮತ್ತು ಚಿನ್ನಮ್ಮ, ಐತ ಮತ್ತು ಪೀಂಚಲು, ಅಂತಕ್ಕನ ಮಗಳು ಕಾವೇರಿ, ಬೆಟ್ಟಳ್ಳಿಯ ದೇವಯ್ಯ, ಗುತ್ತಿಯ ನಾಯಿ ಹುಲಿಯ, ಎಲ್ಲರಿಗೂ ಅವರವರ ಕಥೆ ಇದೆ. ನಾಟಕ ಮಾಡುವವರಿಗೆ ಇದೇ ದೊಡ್ಡ ಸಂಕಟ. ನಾಯಕನಿದ್ದರೆ ಅವನ ದಾರಿ ಹಿಡಿದು ಉಳಿದದ್ದನ್ನು ಕತ್ತರಿಸಬಹುದು. ಇಲ್ಲಿ ಯಾವುದನ್ನು ಕತ್ತರಿಸಿದರೂ ಇನ್ಯಾವುದೋ ಕಡೆ ರಕ್ತ ಬರುತ್ತದೆ.

ರಂಗರೂಪ ಬರೆದ ನಾರಾಯಣಸ್ವಾಮಿ ಅವರ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಯಾಕಂದ್ರೆ ಜನ ಮೊದಲು ಮರೆಯುವುದು ಇವರನ್ನೇ. ಅವರು ಕೋಲಾರ ಸೀಮೆಯವರು, ಕನ್ನಡ ಮೇಷ್ಟ್ರು. ‘ಕಳವು’, ‘ಅನಭಿಜ್ಞ ಶಾಕುಂತಲ’ದಂಥ ಸ್ವಂತ ನಾಟಕಗಳನ್ನು ಬರೆದವರು. ಮಲೆನಾಡಿನ ಈ ಕಥೆಯನ್ನು ರಂಗದ ಮೇಲೆ ಯಾರು ಹೇಳಬೇಕು ಅನ್ನುವ ಪ್ರಶ್ನೆಗೆ ಅವರು ಕೊಟ್ಟ ಉತ್ತರ ನನಗೆ ಈಗಲೂ ಬೆರಗು. ಕಥೆ ಹೇಳುವ ಕೆಲಸವನ್ನು ಜೋಗಿಗಳು, ಹೆಳವರಂಥ ಅಲೆಮಾರಿಗಳ ಕೈಗೆ ಕೊಟ್ಟರು.

ಇದು ಸುಮ್ನೆ ಜಾನಪದದ ಬಣ್ಣ ಹಚ್ಚಿದ್ದಲ್ಲ. ಹೆಳವರು ಯಾರು ಅಂತ ಹಳ್ಳಿ ಕಡೆಯವರಿಗೆ ಗೊತ್ತು. ಊರೂರು ತಿರುಗಿ, ಮನೆ ಮುಂದೆ ನಿಂತು, ಆ ಮನೆಯ ವಂಶಾವಳಿ ಹೇಳುವವರು. ಯಾರ ಮಗ ಯಾರು, ಯಾವ ಊರಿನಿಂದ ಹೆಣ್ಣು ತಂದರು, ಯಾವ ಕವಲು ಎಲ್ಲಿ ಹೋಗಿ ನೆಲೆ ನಿಂತಿತು, ಎಲ್ಲ ಅವರ ಬಾಯಲ್ಲಿ. ಈಗ ಕಾದಂಬರಿಯನ್ನು ನೆನಪಿಸಿಕೊಳ್ಳಿ. ಸಿಂಬಾವಿ, ಹೂವಳ್ಳಿ, ಬೆಟ್ಟಳ್ಳಿ, ಕೋಣೂರು, ಹಳೆಮನೆ. ಇಷ್ಟು ಮನೆ, ಅವುಗಳ ನಡುವೆ ನೆಂಟಸ್ತಿಕೆ, ಸಾಲ, ಹಗೆ. ಮೊದಲ ಸಲ ಓದುವವರು ನೂರು ಪುಟದ ಹೊತ್ತಿಗೆ ಯಾವ ಹೆಗ್ಗಡೆ ಯಾವ ಮನೆಯವರು ಅಂತ ಗೊಂದಲಕ್ಕೆ ಬೀಳುವುದು ಸಹಜ. ಪುಸ್ತಕವಾದರೆ ಹಿಂದಿನ ಪುಟ ತಿರುವಬಹುದು, ನಾಟಕದಲ್ಲಿ ಆಗದು. ಅಲ್ಲಿಗೆ ಮನೆತನಗಳ ಲೆಕ್ಕ ಇಟ್ಟುಕೊಳ್ಳುವುದೇ ಕಸುಬಾದವರು ಬಂದು ನಿಂತರೆ? ಕಥೆ ಹೇಳುವವರೂ ಸಿಕ್ಕರು, ನೋಡುವವರಿಗೆ ದಾರಿಯೂ ಸಿಕ್ಕಿತು. ಜೊತೆಗೆ ಇವರು ಯಾವ ಮನೆಗೂ ಸೇರಿದವರಲ್ಲ. ಗೌಡರ ಅಂಗಳದಲ್ಲೂ ಹೊಲೆಗೇರಿಯಲ್ಲೂ ನಿಂತು ಹೇಳಬಲ್ಲರು. ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡುವ ಕುವೆಂಪು ಅವರ ನೋಟವನ್ನು ರಂಗದ ಮೇಲೆ ಇವರ ಮೂಲಕವೇ ಉಳಿಸಿಕೊಂಡರು ಅಂತ ನನಗೆ ಅನ್ನಿಸುತ್ತದೆ. ಕಾದಂಬರಿ ಹೀಗೆ ಹೇಳಿಸಿಕೊಳ್ಳುವುದಿಲ್ಲ. ಇದು ರಂಗರೂಪ ಬರೆದವರ ಕಾಣಿಕೆ.

ಬಸವಲಿಂಗಯ್ಯ ಅವರು ಇದಕ್ಕೂ ಮುಂಚೆ ರಂಗಾಯಣಕ್ಕೆ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು ಮಾಡಿಸಿದ್ದರು. ಅದು ಅಂಗೈಯಗಲದ ಪುಸ್ತಕ. ಮಾತು ಪೂರ್ತಿ ನಂಜನಗೂಡು, ಚಾಮರಾಜನಗರದ ಕಡೆಯದು. ಓದಲು ಕಷ್ಟ ಅಂತ ದೂರುತ್ತಿದ್ದವರಿಗೆ ಅದೇ ಮಾತು ನಟರ ಬಾಯಲ್ಲಿ ಹಾಡಿನಂತೆ ಕೇಳಿಸಿತು. ಒಂದು ಸೀಮೆಯ ಆಡುಮಾತಿಗೆ ಹೆದರಬೇಕಾಗಿಲ್ಲ ಎಂಬ ಧೈರ್ಯ ಅಲ್ಲಿಂದಲೇ ಬಂದಿರಬೇಕು. ‘ಮದುಮಗಳು’ ಅದಕ್ಕೆ ತಿರುಗು ಮುರುಗು. ಅಲ್ಲಿ ಚಿಕ್ಕದನ್ನು ಬಿಡಿಸಬೇಕಿತ್ತು, ಇಲ್ಲಿ ಕಾಡಿನಷ್ಟು ಬೆಳೆದದ್ದರೊಳಗೆ ಕಾಲುದಾರಿ ಮಾಡಬೇಕಿತ್ತು.

ಅವರು ಮಾಡಿದ ದೊಡ್ಡ ತೀರ್ಮಾನ, ಇದನ್ನು ಎರಡೂವರೆ ಗಂಟೆಗೆ ಇಳಿಸುವುದು ಬೇಡ ಎಂಬುದು. ರಾತ್ರಿಯಿಡೀ ಆಟ ನೋಡುವುದು ನಮ್ಮವರಿಗೆ ಹೊಸದೇನಲ್ಲ. ಯಕ್ಷಗಾನ, ಮೂಡಲಪಾಯ, ದೊಡ್ಡಾಟ ಎಲ್ಲ ಬೆಳಗಿನವರೆಗೆ ನಡೆದವೇ. ಆ ಅಭ್ಯಾಸವನ್ನು ಪೇಟೆಯ ಪ್ರೇಕ್ಷಕರಿಗೆ ಮತ್ತೆ ಹಿಡಿಸಿದರು. ಇನ್ನೊಂದು ತೀರ್ಮಾನ, ಒಂದೇ ರಂಗಸ್ಥಳ ಸಾಲದು ಎಂಬುದು. ನಾಟಕ ನಾಲ್ಕು ಕಡೆ ನಡೆಯುತ್ತದೆ. ಒಂದು ಭಾಗ ಮುಗಿದ ಮೇಲೆ ಪ್ರೇಕ್ಷಕರು ಎದ್ದು, ಕತ್ತಲಲ್ಲಿ ನಡೆದು, ಮುಂದಿನ ಜಾಗಕ್ಕೆ ಹೋಗಿ ಕೂರಬೇಕು.

ಇದು ಕುವೆಂಪು ಅವರನ್ನು ಸರಿಯಾಗಿ ಓದಿದವರು ಮಾತ್ರ ಮಾಡಬಹುದಾದ ಆಯ್ಕೆ. ಈ ಕಾದಂಬರಿಯಲ್ಲಿ ಎಲ್ಲರೂ ನಡೆಯುತ್ತಲೇ ಇರುತ್ತಾರೆ. ಗುತ್ತಿ ಹುಲಿಯನನ್ನು ಕರೆದುಕೊಂಡು ಕಾಡುದಾರಿ ಸವೆಸುತ್ತಾನೆ. ತಿಮ್ಮಿಯನ್ನು ಹಾರಿಸಿಕೊಂಡು ಹೋಗುವುದೂ ನಡಿಗೆಯಲ್ಲೇ. ಬೇಡದ ಮದುವೆಯಿಂದ ತಪ್ಪಿಸಿಕೊಂಡ ಚಿನ್ನಮ್ಮ ರಾತ್ರಿಯ ಕಾಡಿನಲ್ಲಿ ಹುಲಿಕಲ್ಲು ನೆತ್ತಿ ಹತ್ತುತ್ತಾಳೆ. ಒಂದು ಮನೆಯ ಸುದ್ದಿ ಇನ್ನೊಂದು ಮನೆಗೆ ಮುಟ್ಟುವುದು ಯಾರಾದರೂ ನಡೆದು ಹೋದರೆ ಮಾತ್ರ. ಅಂಥ ಕಥೆಯನ್ನು ಮೆತ್ತನೆ ಕುರ್ಚಿಯಲ್ಲಿ ಒಂದೇ ಕಡೆ ಕೂತು ನೋಡಿದ್ದರೆ ಏನೋ ತಪ್ಪಿಹೋಗುತ್ತಿತ್ತು. ಎದ್ದು ನಡೆಯುವಾಗ ಕಾಲು ಮರಗಟ್ಟಿರುತ್ತದೆ, ಚಳಿ ತಾಗುತ್ತದೆ, ಪಕ್ಕದಲ್ಲಿ ನಡೆಯುವ ಅಪರಿಚಿತರು ‘ಆ ತಿಮ್ಮಿ ಏನಾಗ್ತಾಳೋ’ ಅಂತ ಮಾತಾಡಿಸುತ್ತಾರೆ. ಆ ಮಾತುಕತೆಯೂ ನಾಟಕದ ಲೆಕ್ಕಕ್ಕೇ ಸೇರಬೇಕು.

ಶಶಿಧರ ಅಡಪ ಸಿನಿಮಾ ಕಲಾ ನಿರ್ದೇಶಕರಾಗಿಯೂ ಹೆಸರು ಮಾಡಿದವರು. ಸಿನಿಮಾದಲ್ಲಿ ಕ್ಯಾಮೆರಾಗೆ ಕಾಣುವಷ್ಟು ಕಟ್ಟಿದರೆ ಸಾಕು. ಬಯಲಿನಲ್ಲಿ ಹಾಗಲ್ಲ, ಪ್ರೇಕ್ಷಕರ ಕಣ್ಣು ಎಲ್ಲಿ ಬೇಕಾದರೂ ಓಡುತ್ತದೆ. ಅಲ್ಲಿ ನಿಜವಾದ ಮರಗಳಿವೆ, ನಿಜವಾದ ಆಕಾಶವಿದೆ. ಅವುಗಳ ಪಕ್ಕ ಸುಳ್ಳು ಅನಿಸದಂಥದ್ದನ್ನು ನಿಲ್ಲಿಸಬೇಕು. ಇನ್ನೊಂದು ವಿಚಾರ ಗಮನಿಸಿ. ಕಾದಂಬರಿಯ ತುಂಬ ಮಳೆ. ಕೊನೆಯಲ್ಲಿ ಬರುವ ತುಂಗೆಯ ನೆರೆ, ಹುಲಿಯನ ಗತಿ, ಓದಿದವರು ಮರೆಯಲಾರರು. ಆದರೆ ಬಯಲು ನಾಟಕವನ್ನು ಮಳೆಗಾಲದಲ್ಲಿ ಆಡಲು ಆಗುವುದಿಲ್ಲವಲ್ಲ. ಮಳೆಯಲ್ಲಿ ನೆನೆದ ಕಥೆಯನ್ನು ಒಣ ನೆಲದ ಮೇಲೆ, ಒಣ ರಾತ್ರಿಯಲ್ಲಿ ಆಡಬೇಕು. ಆ ಮಳೆಯನ್ನು ವಿನ್ಯಾಸ, ಬೆಳಕು, ಸಂಗೀತ, ನಟರ ಮೈ ಎಲ್ಲ ಸೇರಿ ತಂದುಕೊಡಬೇಕು. ಯಾರೊಬ್ಬರಿಂದಲೂ ಆಗುವ ಕೆಲಸವಲ್ಲ ಅದು.

ಸಂಗೀತಕ್ಕೆ ಹಂಸಲೇಖ ಎಂದಾಗ ಹುಬ್ಬೇರಿಸಿದವರನ್ನು ನಾನು ಬಲ್ಲೆ. ‘ಪ್ರೇಮಲೋಕ’ದವರಿಗೆ ಕುವೆಂಪು ಅವರ ಕಾಡಿನಲ್ಲಿ ಏನು ಕೆಲಸ ಅಂತ ಅವರ ವಾದ. ಆದರೆ ಹಂಸಲೇಖ ನಮ್ಮ ದೇಸಿ ಮಟ್ಟುಗಳನ್ನು ಇಷ್ಟಪಟ್ಟು ಕಲಿತವರು. ಈ ನಾಟಕದಲ್ಲಿ ಹಾಡು ಸಿಂಗಾರಕ್ಕೆ ಬರುವುದಿಲ್ಲ. ಕಾದಂಬರಿ ಹತ್ತು ಪುಟದಲ್ಲಿ ದಾಟುವ ದಾರಿಯನ್ನು ಒಂದು ಹಾಡು ದಾಟಿಸುತ್ತದೆ. ನಡುರಾತ್ರಿ ಕಳೆದ ಮೇಲೆ ಕಣ್ಣು ಎಳೆಯುವ ಹೊತ್ತಿನಲ್ಲಿ ನಮ್ಮನ್ನು ಎತ್ತಿ ಕೂರಿಸುವುದೂ ಅದೇ. ಕೆಲವು ಕಡೆ ಹಾಡು ಸ್ವಲ್ಪ ಉದ್ದವಾಯಿತು, ಆ ಜಾಗದಲ್ಲಿ ಮೌನ ಇದ್ದಿದ್ದರೆ ಚೆನ್ನಿತ್ತು ಅಂತ ನನಗೆ ಅನ್ನಿಸಿದ್ದುಂಟು. ಕುವೆಂಪು ಕಾಡಿನ ಸದ್ದನ್ನು ಕೇಳಿಸುವುದು ನಿಶ್ಶಬ್ದವನ್ನು ಬಣ್ಣಿಸಿಯೇ. ಅದನ್ನು ಹಾಡು ತುಂಬಲಾರದು.

ಈಗ ನಟರ ವಿಚಾರ. ಪೋಸ್ಟರ್‌ನಲ್ಲಿ ಅವರ ಹೆಸರು ದೊಡ್ಡದಾಗಿ ಇರುವುದಿಲ್ಲ. ಆದರೆ ನಾಟಕವನ್ನು ರಾತ್ರಿಯಿಡೀ ಹೆಗಲ ಮೇಲೆ ಹೊರುವವರು ಅವರೇ. ರಂಗಾಯಣವನ್ನು 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ್ದು, ಬೇರೆ ಬೇರೆ ಜಿಲ್ಲೆಗಳಿಂದ ಬಂದ ಕಲಾವಿದರನ್ನು ಒಂದೇ ಕಡೆ ಇಟ್ಟು ವರ್ಷಗಟ್ಟಲೆ ದುಡಿಸುವ ಉದ್ದೇಶದಿಂದ. ಸಂಜೆ ಆಫೀಸು ಮುಗಿಸಿ ಬಂದು ಎರಡು ತಾಸು ತಾಲೀಮು ಮಾಡಿ ಇಂಥ ನಾಟಕ ಕಟ್ಟಲು ಬರುವುದಿಲ್ಲ. ಹವ್ಯಾಸಿ ತಂಡಗಳ ಬಗ್ಗೆ ನನಗೆ ತುಂಬ ಗೌರವ ಇದೆ, ಆದರೂ ಈ ಮಾತು ನಿಜ. ದಿನವಿಡೀ ಇದೇ ಕೆಲಸ ಮಾಡುವ ತಂಡ, ಅದಕ್ಕೆ ಸರ್ಕಾರದ ಹಣ, ಬಯಲಿರುವ ಆವರಣ, ಇಷ್ಟೂ ಇದ್ದದ್ದರಿಂದಲೇ ಇದು ಆಯಿತು.

ಅವರ ಮುಂದಿದ್ದ ಮೊದಲ ಕಷ್ಟ ಮಾತಿನದು. ಕಾದಂಬರಿಯಲ್ಲಿ ಹೆಗ್ಗಡೆಯವರ ಮಾತು ಒಂದು ಥರ, ಗುತ್ತಿಯ ಕೇರಿಯ ಮಾತು ಇನ್ನೊಂದು ಥರ. ಘಟ್ಟದ ಕೆಳಗಿಂದ ಕೂಲಿಗೆ ಬಂದ ಐತ, ಪೀಂಚಲು ಅವರದು ಮತ್ತೊಂದು. ಸಾಬರದು ಬೇರೆ, ಭಟ್ಟರದು ಬೇರೆ. ಬಯಲುಸೀಮೆಯ ನಟರು ಇದನ್ನು ಕಿವಿಯಿಂದ ಕಲಿತು ಬಾಯಿಗೆ ತರಬೇಕು. ಅದೂ ಗೋಡೆಯಿಲ್ಲದ ಬಯಲಿನಲ್ಲಿ ಹಿಂದಿನ ಸಾಲಿಗೂ ಮುಟ್ಟಬೇಕು. ಒಬ್ಬರೇ ಒಂದಕ್ಕಿಂತ ಹೆಚ್ಚು ಪಾತ್ರ ಮಾಡುವಾಗ ಮಾತಿನ ಧಾಟಿಯನ್ನೂ ಬಟ್ಟೆಯ ಜೊತೆಗೇ ಬದಲಿಸಬೇಕು. ನಾವು ಎದ್ದು ಹರಟುತ್ತಾ ಮುಂದಿನ ಜಾಗಕ್ಕೆ ನಡೆಯುವ ಹೊತ್ತಿನಲ್ಲಿ ಅವರು ಇನ್ನೊಂದು ದಾರಿಯಲ್ಲಿ ಓಡುತ್ತಿರುತ್ತಾರೆ. ಬಟ್ಟೆ ಕೊಡುವವರು, ಬಣ್ಣ ಹಚ್ಚುವವರು, ಸಾಮಾನು ಹೊರುವವರು, ದೀಪ ನೋಡಿಕೊಳ್ಳುವವರು ಎಲ್ಲರೂ ಓಡುತ್ತಿರುತ್ತಾರೆ. ನೀವು ಹೋದರೆ ಕೊನೆಯಲ್ಲಿ ಎಲ್ಲರನ್ನೂ ಪರಿಚಯ ಮಾಡಿಕೊಡುವವರೆಗೆ ದಯವಿಟ್ಟು ನಿಲ್ಲಿ. ಮೊದಲ ಬಸ್ಸಿಗೆ ಅಂತ ಅವಸರದಲ್ಲಿ ಎದ್ದು ಹೋಗುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ರಂಗಾಯಣ 2021ರಲ್ಲಿ ಭೈರಪ್ಪನವರ ‘ಪರ್ವ’ವನ್ನೂ ಇಷ್ಟೇ ದೊಡ್ಡ ಪ್ರಮಾಣದಲ್ಲಿ ಮಾಡಿತು. ಅಲ್ಲಿ ರಂಗರೂಪ, ನಿರ್ದೇಶನ ಎರಡೂ ಪ್ರಕಾಶ್ ಬೆಳವಾಡಿ ಅವರದೇ. ಮಹಾಭಾರತದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಯಾರು ಯಾರ ಮಗ ಅಂತ ತಿಳಿಸಿ ಹೇಳುವ ತಾಪತ್ರಯ ಅಲ್ಲಿ ಅಷ್ಟಿಲ್ಲ. ‘ಮದುಮಗಳು’ ತಂಡಕ್ಕೆ ಆ ಅನುಕೂಲ ಇರಲಿಲ್ಲ.

ನಾಟಕದಲ್ಲಿ ಕಳೆದುಹೋದದ್ದೂ ಇದೆ. ಕುವೆಂಪು ಒಂದು ಬೆಳಗಿನ ಮಂಜನ್ನು, ಒಂದು ಹಕ್ಕಿಯ ಕೂಗನ್ನು ಪುಟಗಟ್ಟಲೆ ಬಣ್ಣಿಸುತ್ತಾರೆ. ಹುಲಿಯನ ಮನಸ್ಸಿನೊಳಗೂ ಹೊಕ್ಕು ಬರುತ್ತಾರೆ. ಅದು ರಂಗಕ್ಕೆ ಬರುವುದಿಲ್ಲ, ಬರಬೇಕು ಅಂತ ಕೇಳುವುದೂ ಸರಿಯಲ್ಲ. ಬದಲಿಗೆ ಸಿಗುವುದು ಬೇರೆ. ಓದುವಾಗ ತಿಮ್ಮಿಯನ್ನೂ ಚಿನ್ನಮ್ಮನನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಕಾಣುತ್ತೇವೆ. ಒಂದೇ ರಾತ್ರಿಯಲ್ಲಿ, ಒಂದೇ ನೆಲದ ಮೇಲೆ ಇಬ್ಬರೂ ಓಡುವುದನ್ನು ನೋಡಿದಾಗ, ಇಬ್ಬರೂ ಬೇಡದ ಮದುವೆಯಿಂದಲೇ ಓಡುತ್ತಿದ್ದಾರೆ, ಒಬ್ಬಳು ಕೇರಿಯಿಂದ, ಇನ್ನೊಬ್ಬಳು ದೊಡ್ಡ ಮನೆಯಿಂದ ಅನ್ನುವುದು ಮೈಗೆ ತಾಗುತ್ತದೆ. ಕಾವೇರಿಗೆ ಓಡಲು ಆಗಲಿಲ್ಲ ಅನ್ನುವುದು ಅದರ ಪಕ್ಕದಲ್ಲೇ ನಿಂತು ಇನ್ನಷ್ಟು ಚುಚ್ಚುತ್ತದೆ.

ಕೊನೆಯ ಪ್ರಶ್ನೆ, ಓದದೆ ಹೋಗಬಹುದಾ ಅಂತ. ಧಾರಾಳವಾಗಿ ಹೋಗಬಹುದು. ಕಥೆ ಹೇಳುವವರು ನಿಮ್ಮನ್ನು ಕೈಹಿಡಿದು ಕರೆದೊಯ್ಯುತ್ತಾರೆ. ಸಮಯ ಇದ್ದರೆ ಕಾದಂಬರಿಯ ಮೊದಲ ನೂರು ಪುಟ ಓದಿಕೊಳ್ಳಿ, ಮನೆಗಳ ಹೆಸರು, ಯಾವ ಮನೆಯಲ್ಲಿ ಯಾರು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮಧ್ಯಾಹ್ನ ಸ್ವಲ್ಪ ಮಲಗಿ ಏಳಿ. ಸ್ವೆಟರ್, ದಪ್ಪ ಹೊದಿಕೆ, ಕೂರಲು ಏನಾದರೂ ಮೆತ್ತನೆಯದು, ನೀರು ಇಟ್ಟುಕೊಳ್ಳಿ. ವಯಸ್ಸಾದವರನ್ನು ಕರೆದೊಯ್ಯುವುದಾದರೆ ಜಾಗ ಬದಲಿಸುವಾಗ ಮುಂಚೆಯೇ ಎಬ್ಬಿಸಿ, ನಿಧಾನವಾಗಿ ನಡೆಸಿ. ಮತ್ತೆ ಪ್ರದರ್ಶನ ಯಾವಾಗ ಅನ್ನುವುದಕ್ಕೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಪ್ರಕಟಣೆಗಳ ಮೇಲೆ ಕಣ್ಣಿಡಿ.