ಕುಮಟಾದ ಮುರುಗಲು ಘಟಕದ ಪ್ರಶ್ನೆಗೆ: ಕೆಲಸದವರಿಗೆ ಆಸಕ್ತಿ ಇಲ್ಲ ಅನ್ನುವುದರ ಬಗ್ಗೆ

ಕುಮಟಾದ ಅಣ್ಣ ನಿನ್ನೆ ರಾತ್ರಿ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ. ಓದದವರಿಗಾಗಿ: ಅವರ ಮುರುಗಲು (ಕೋಕಂ), ಉಪ್ಪಿನಕಾಯಿ ಘಟಕದಲ್ಲಿ 35 ಜನ ಇದ್ದಾರೆ. ಮಾಲು ಕೊಳ್ಳುವ ಬೆಂಗಳೂರಿನ ಕಂಪನಿ ಒಂದು ಫಾರ್ಮ್ ಕಳಿಸಿ ನೀರು, ಕರೆಂಟ್, ಪ್ಲಾಸ್ಟಿಕ್ ಎಷ್ಟು ಇಳಿಸುತ್ತೀರಿ ಅಂತ ಕೇಳಿದೆ. ಇವರು ಗುರಿ ಬರೆದು ಕಳಿಸಿದರು. ಜೂನ್ 5ಕ್ಕೆ ಗಿಡ ನೆಟ್ಟು ಎಲ್ಲರಿಂದ ಪ್ರತಿಜ್ಞೆ ಮಾಡಿಸಿದರು, ಗೋಡೆಗೆ ಪೋಸ್ಟರೂ ಅಂಟಿಸಿದರು. ಬಿಲ್ ಮಾತ್ರ ಇದ್ದಲ್ಲೇ ಇದೆ. "ಕೆಲಸದವರಿಗೆ ಆಸಕ್ತಿಯೇ ಇಲ್ಲ, ಏನು ಮಾಡಲಿ?"

ಫಾರ್ಮ್ ಇನ್ನು ವರ್ಷವರ್ಷ ಬರುತ್ತದೆ, ಅದಂತೂ ಗ್ಯಾರಂಟಿ. ಷೇರುಪೇಟೆಯ ಮೊದಲ 1000 ಕಂಪನಿಗಳು ಪರಿಸರದ ಲೆಕ್ಕ ಕೊಡಬೇಕು ಅಂತ ಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಅವರು ಮಾಲು ಕೊಡುವವರನ್ನು ಕೇಳುತ್ತಾರೆ, ಹಾಗೆ ಆ ಲೆಕ್ಕ ಇಳಿದು ಇಳಿದು ನಮ್ಮಂಥವರ ಬಾಗಿಲಿಗೂ ಬರುತ್ತಿದೆ.

ಆದರೆ ಆಸಕ್ತಿ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. 1983ರಲ್ಲಿ ಸಾಲ್ಕಣಿಯ ಕಾಡಿನಲ್ಲಿ ಕಡಿಯಬೇಡಿ ಅಂತ ಮರ ಅಪ್ಪಿ ನಿಂತದ್ದು ನಮ್ಮ ಜಿಲ್ಲೆಯ ಹಳ್ಳಿಯವರೇ. ನಿಮ್ಮಲ್ಲಿ ಬಾಟಲಿ ತೊಳೆಯುವ ಹೆಂಗಸರು ಮನೆಯಲ್ಲಿ ಅಕ್ಕಿ ತೊಳೆದ ನೀರನ್ನೂ ಬಸಳೆ ಬುಡಕ್ಕೆ ಹೊಯ್ಯುವವರು. ಅಂಥವರ ಕೈ ನಿಮ್ಮ ಘಟಕದಲ್ಲಿ ನಲ್ಲಿ ಬಿಟ್ಟು ಎದ್ದು ಹೋಗುತ್ತದೆ ಅಂದರೆ ಕಾರಣ ಬೇರೆ ಎಲ್ಲೋ ಇದೆ.

ನಮ್ಮದು ಶಿರಸಿ ಹತ್ತಿರ ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ. ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತುವ ಮೂರು ಮೆಷಿನ್, 14 ಜನ. ಪರಿಸರಸ್ನೇಹಿ ಅಂತ ಡಬ್ಬದ ಮೇಲೆ ಅಚ್ಚು ಹಾಕಿಸಿದವರು ನಾವು, ಚಾ ತರಿಸುತ್ತಿದ್ದದ್ದು ಮಾತ್ರ ಪ್ಲಾಸ್ಟಿಕ್ ಕೊಟ್ಟೆಯಲ್ಲಿ. ನಾನೂ ನಿಮ್ಮ ಹಾಗೇ ಪೋಸ್ಟರಿನಿಂದಲೇ ಶುರು ಮಾಡಿದೆ, ಏನೂ ಆಗಲಿಲ್ಲ. ಕೊನೆಗೆ ಒಂದು ದಿನ ಚಾ ಹೊತ್ತಿಗೆ ಅವರ ಜೊತೆ ಕೂತು, "ಇಲ್ಲಿ ದಂಡವಾಗಿ ಹೋಗುವುದು ಏನು ಅನ್ನಿಸುತ್ತದೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಾಳೆ ತೊಳೆಯುವ ಅಕ್ಕ ಒಬ್ಬರು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಎಂಟು ಗಂಟೆಗೇ ಮೂರೂ ಮೆಷಿನ್ ಕಾಯಿಸಿ ಇಡ್ತೀರಿ. ಹಾಳೆ ನೀರು ಬಸಿದು ನಮ್ಮ ಕೈಗೆ ಬರೋದೇ ಒಂಬತ್ತಕ್ಕೆ. ಅಲ್ಲಿವರೆಗೆ ಅಚ್ಚು ಯಾರಿಗೆ ಕಾಯ್ತದೆ?" ಅಂದರು.

ಒಂದು ಗಂಟೆ ಹೀಟರ್ ಸುಮ್ಮನೆ ಉರಿಯುತ್ತಿತ್ತು, ಮೂರು ವರ್ಷದಿಂದ. ಅವರು ಮೊದಲೇ ಹೇಳಿದ್ದರಂತೆ. ಆಗಿದ್ದ ಸೂಪರ್‌ವೈಸರ್ "ನಿನ್ನ ಕೆಲಸ ನೋಡಿಕೋ" ಅಂದನಂತೆ. ಆಮೇಲೆ ಯಾಕೆ ಹೇಳುತ್ತಾರೆ?

ಮರುದಿನದಿಂದ ಒಂದು ಮೆಷಿನ್ ಎಂಟೂವರೆಗೆ, ಉಳಿದೆರಡು ಒಂಬತ್ತಕ್ಕೆ ಹಚ್ಚಿದೆವು. ತಿಂಗಳಿಗೆ ನೂರರ ಮೇಲೆ ಯೂನಿಟ್ ಇಳಿಯಿತು. ನಾನು ಹೊಸದಾಗಿ ಕೊಂಡದ್ದು ಒಂದು ಸಬ್ ಮೀಟರ್ ಮಾತ್ರ.

ಹಾಗಾಗಿ ನನ್ನ ಮೊದಲ ಸಲಹೆ: ಗುರಿಯ ಮಾತು ಎತ್ತುವ ಮೊದಲು ಅವರು ಈವರೆಗೆ ಹೇಳಿ ಹೇಳಿ ಬಿಟ್ಟದ್ದು ಏನು ಅಂತ ಕೇಳಿ. ಅದರಲ್ಲಿ ಎರಡನ್ನಾದರೂ ಒಂದು ವಾರದೊಳಗೆ ಸರಿ ಮಾಡಿಸಿ. ಸೋರುವ ನಲ್ಲಿಯ ವಾಷರ್ ಆದರೂ ಆಯಿತು. ಸರಿ ಆದದ್ದು ಕಂಡರೆ ಮೂರನೆಯದನ್ನು ಅವರೇ ಹೇಳುತ್ತಾರೆ.

ಶೇಕಡಾ ಲೆಕ್ಕ ಫಾರ್ಮಿಗೆ ಇರಲಿ. ಕೆಲಸದ ಜಾಗದಲ್ಲಿ ಅವರ ಅಳತೆಯಲ್ಲೇ ಬರೆಯಿರಿ. ನಮ್ಮಲ್ಲಿ ಕರಿಹಲಗೆಯ ಮೇಲೆ ದಿನಾ ಸಂಜೆ "ನೂರು ತಟ್ಟೆಗೆ ಎಷ್ಟು ಯೂನಿಟ್" ಅಂತ ಸೀಮೆಸುಣ್ಣದಲ್ಲಿ ಬರೆಯುತ್ತೇವೆ, ಬರೆಯುವುದು ಅವರೇ. ನಿಮಗಾದರೆ ನೂರು ಬಾಟಲಿ ತೊಳೆಯಲು ಎಷ್ಟು ಕೊಡಪಾನ ನೀರು ಅಂತ ಇಡಬಹುದು. ಕೊಡಪಾನ ಅಂದರೆ ಸೊಂಟಕ್ಕೆ ಗೊತ್ತು, ಕಿಲೋಲೀಟರ್ ಯಾರಿಗೆ ಗೊತ್ತು?

ಬಹುಮಾನದ ವಿಷಯದಲ್ಲಿ ಮಾತ್ರ ಹುಷಾರು. ನಾನು ಕೈ ಸುಟ್ಟುಕೊಂಡವನು. ಕಡಿಮೆ ಕರೆಂಟ್ ಬಳಸಿದ ಪಾಳಿಗೆ ಬಹುಮಾನ ಅಂದುಬಿಟ್ಟೆ. ಆಷಾಢದ ಮಳೆ ಬೇರೆ. ಹುಡುಗರು ಅಚ್ಚಿನ ಬಿಸಿ ಇಳಿಸಿ, ಬೇಗ ಬೇಗ ಒತ್ತಿ ತೆಗೆದರು. ಮೀಟರ್ ನೋಡಿ ನಾನು ಖುಷಿಪಟ್ಟೆ. ಇಪ್ಪತ್ತು ದಿನಕ್ಕೆ ಹುಬ್ಬಳ್ಳಿಯಿಂದ ಎರಡು ಚೀಲ ತಟ್ಟೆ ಬೂಸು ಹಿಡಿದು ವಾಪಸ್ ಬಂತು. ತೇವ ಒಳಗೇ ಉಳಿದಿತ್ತು. ತಪ್ಪು ಹುಡುಗರದ್ದಲ್ಲ, ನಾನು ಅಳೆದದ್ದೇ ಅರ್ಧ. ಈಗ ಹಲಗೆಯಲ್ಲಿ ರಿಜೆಕ್ಟ್ ಆದ ತಟ್ಟೆಯ ಲೆಕ್ಕವೂ ಪಕ್ಕದಲ್ಲೇ ಇರುತ್ತದೆ. ನಿಮ್ಮದು ತಿನ್ನುವ ವಸ್ತು, ನೀರು ಉಳಿಸಲು ಹೋಗಿ ಬಾಟಲಿ ಸರಿ ತೊಳೆಯದೆ ಬಿಟ್ಟರೆ ಕಥೆ ಮುಗಿಯಿತು.

ಬಹುಮಾನದ ಬದಲು ಉಳಿದ ದುಡ್ಡಿನ ಅರ್ಧ ಅವರದ್ದು ಅಂತ ಮೊದಲೇ ಹೇಳಿ, ಬಿಲ್ ತೋರಿಸಿಯೇ ಕೊಡಿ. ನಾವು ಹಾಗೆ ಮಾಡಿದೆವು. ದುಡ್ಡು ಹಂಚುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ತೊಳೆಯುವ ತೊಟ್ಟಿಯ ಹತ್ತಿರ ಕೂರಲು ಎತ್ತರದ ಸ್ಟೂಲು ಮತ್ತು ಗಮ್‌ಬೂಟು. ದಿನವಿಡೀ ಬಗ್ಗಿ ನಿಲ್ಲುವವರ ಬೆನ್ನು ನನಗೆ ಅಲ್ಲಿವರೆಗೆ ಕಂಡೇ ಇರಲಿಲ್ಲ.

ಇನ್ನು ಕೆಲವು ನಿಮ್ಮ ತಲೆಯ ಮೇಲಿನವು, ಅವರ ಮೇಲೆ ಹೊರಿಸಬೇಡಿ. ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸುತ್ತೇವೆ ಅಂತ ಬರೆದಿದ್ದೀರಿ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುತ್ತದೆ. 100 ಚದರ ಮೀಟರ್ ತಗಡಿನ ಸೂರಿದ್ದರೂ 3 ಲಕ್ಷ ಲೀಟರ್ ಆಯಿತು. ಅದಕ್ಕೆ ಸೂರಿನ ನೀರು ಹಿಡಿಯುವ ದೋಣಿ, ಟ್ಯಾಂಕ್ ಕಟ್ಟಿಸುವುದು ನಿಮ್ಮ ಖರ್ಚು. ಅದನ್ನು ಬಿಟ್ಟು ನಲ್ಲಿ ಹತ್ತಿರ "ನೀರು ಉಳಿಸಿ" ಅಂತ ಬರೆದರೆ ಅವರು ಬೆನ್ನ ಹಿಂದೆ ನಗುತ್ತಾರೆ. ಹಾಗೇ, ಖಾಲಿ ಆಫೀಸ್ ರೂಮಿನಲ್ಲಿ ಎಸಿ ಓಡುತ್ತಿದ್ದರೆ ಮೊದಲು ಅದನ್ನು ಆರಿಸಿ. ಎಲ್ಲರೂ ನೋಡುತ್ತಿರುತ್ತಾರೆ ಮಾರಾಯ್ರೇ.

ಇದಕ್ಕೆಂದೇ ಒಬ್ಬ ಆಫೀಸರ್ ಬೇಕಾ ಅಂತ ಕೇಳಿದ್ದೀರಿ. 35 ಜನಕ್ಕೆ ಬೇಡ. ತೊಳೆಯುವ ಕಡೆಯಿಂದ ಒಬ್ಬರು, ಕುದಿಸುವ ಕಡೆಯಿಂದ ಒಬ್ಬರು, ಪ್ಯಾಕಿಂಗಿನಿಂದ ಒಬ್ಬರು ವಾರಕ್ಕೆ ಅರ್ಧ ಗಂಟೆ ಕೂತರೆ ಸಾಕು, ಆ ಅರ್ಧ ಗಂಟೆ ಪಗಾರದ ಹೊತ್ತಿನಲ್ಲೇ ಇರಲಿ. ಸೀಸನ್‌ಗೆ ಮಾತ್ರ ಬರುವವರನ್ನೂ ಬಿಡಬೇಡಿ, ಮೇ ತಿಂಗಳ ನೀರೆಲ್ಲ ಹೋಗುವುದು ಅವರ ಕೈಯಲ್ಲೇ.

ನೋಡಬೇಕಿದ್ದರೆ ನಮ್ಮಲ್ಲಿಗೆ ಬನ್ನಿ. ಒಬ್ಬರೇ ಬರಬೇಡಿ, ಬಾಟಲಿ ತೊಳೆಯುವವರಲ್ಲಿ ಇಬ್ಬರನ್ನು ಕರೆದುಕೊಂಡು ಬನ್ನಿ. ಬರುವಾಗ ಒಂದು ವರ್ಷದ ಹೆಸ್ಕಾಂ ಕರೆಂಟ್ ಬಿಲ್ಲೂ ಇರಲಿ.